ರಿಸರ್ಚ್ ಸೆಲ್‌ಗೆ ಹೊಸದಾಗಿ ಬಂದವರಿಗೆ: ಸಂಶೋಧನಾ ಆಡಳಿತ ಕಲಿಯುವ ದಾರಿ

"ಸೋಮವಾರದಿಂದ ನೀವು ರಿಸರ್ಚ್ ಸೆಲ್‌ನಲ್ಲಿ ಕೂತುಕೊಳ್ಳಿ" ಎಂದು ನನಗೆ ಹೇಳಿದ್ದು ಒಂದು ಶನಿವಾರ ಮಧ್ಯಾಹ್ನ. ರಿಸರ್ಚ್ ಸೆಲ್ ಎಂದರೆ ಸಂಸ್ಥೆಯ ಸಂಶೋಧನಾ ಪ್ರಾಜೆಕ್ಟುಗಳ ಅರ್ಜಿ, ಅನುದಾನ, ಲೆಕ್ಕ ನೋಡುವ ವಿಭಾಗ. ಅಲ್ಲಿಯವರೆಗೆ ಆರು ವರ್ಷ ಅಕೌಂಟ್ಸ್ ಸೆಕ್ಷನ್‌ನಲ್ಲಿ ಫೀಸು, ಸಂಬಳ, ಟಿಡಿಎಸ್ ನೋಡಿಕೊಂಡಿದ್ದವಳು ನಾನು. ಸೋಮವಾರ ಹೋಗಿ ನೋಡಿದರೆ ಮೇಜಿನ ಮೇಲೆ ಹನ್ನೊಂದು ಫೈಲು ಮತ್ತು ಎರಡು ಪೋರ್ಟಲ್‌ಗಳ ಪಾಸ್‌ವರ್ಡ್ ಬರೆದ ಒಂದು ಚೀಟಿ. ನನಗೆ ಸಿಕ್ಕ ತರಬೇತಿ ಅಷ್ಟೆ.

ಮರುವರ್ಷ ಒಂದು ಪ್ರಾಜೆಕ್ಟಿನ ಯುಸಿ, ಅಂದರೆ ಹಣ ಬಳಕೆ ಪ್ರಮಾಣಪತ್ರ, ವಾಪಸ್ ಬಂತು. ಅನುದಾನದ ಮೇಲೆ ಬಂದ ಬ್ಯಾಂಕ್ ಬಡ್ಡಿಯನ್ನು ನಾನು ಬೇರೆಯಾಗಿ ತೋರಿಸಿರಲಿಲ್ಲ, ಸರ್ಕಾರಕ್ಕೆ ಕಟ್ಟಿಯೂ ಇರಲಿಲ್ಲ. ಮೊತ್ತ ದೊಡ್ಡದೇನಲ್ಲ. ಆದರೆ ಅದು ಸರಿಹೋಗುವ ತನಕ ಎರಡನೇ ವರ್ಷದ ಕಂತು ಬಿಡುಗಡೆಯಾಗಲಿಲ್ಲ. ಆ ಪ್ರಾಜೆಕ್ಟಿನಲ್ಲಿ ಕುಂದಾಪುರ ಕಡೆಯ ಒಬ್ಬಳು ಜೆಆರ್‌ಎಫ್, ಅಂದರೆ ಫೆಲೋಶಿಪ್ ಪಡೆಯುವ ಕಿರಿಯ ಸಂಶೋಧಕಿ, ಇದ್ದಳು. ಪಿ.ಜಿ. ಬಾಡಿಗೆ, ಬಸ್ಸು, ಊಟ ಎಲ್ಲವೂ ಫೆಲೋಶಿಪ್ ಹಣದಲ್ಲೇ ನಡೆಯಬೇಕು. ನಾಲ್ಕು ತಿಂಗಳು ಅವಳು ನನ್ನ ಮೇಜಿನ ಹತ್ತಿರ ಬಂದು "ಮೇಡಂ, ಈ ತಿಂಗಳಾದರೂ ಬರಬಹುದಾ?" ಎಂದು ಕೇಳುತ್ತಿದ್ದಳು. ನನಗೆ ಒಂದು ನಿಯಮ ಗೊತ್ತಿಲ್ಲದ್ದಕ್ಕೆ ಅವಳಿಗೆ ನಾಲ್ಕು ತಿಂಗಳ ಊಟದ ಚಿಂತೆ. ಈ ಕೆಲಸವನ್ನು ಕ್ರಮವಾಗಿ ಕಲಿಯಬೇಕೆಂದು ನನಗೆ ಹಟ ಬಂದದ್ದು ಅಲ್ಲಿಂದ.

ಮಂಗಳೂರು, ದೇರಳಕಟ್ಟೆ, ಕೊಣಾಜೆ, ಸುರತ್ಕಲ್, ಮಣಿಪಾಲ ಎಂದು ಐವತ್ತು ಅರುವತ್ತು ಕಿಲೋಮೀಟರಿನ ಒಳಗೆ ನಮ್ಮಲ್ಲಿ ಸಂಶೋಧನೆ ನಡೆಸುವ ಸಂಸ್ಥೆಗಳು ಇಷ್ಟೊಂದು ಉಂಟು. ಅವುಗಳ ಹಿಂದೆ ಫೈಲು ಹಿಡಿದು ಕೂತವರು ಬಹುಪಾಲು ನನ್ನ ಹಾಗೆಯೇ ಬಂದವರು. ಅಕೌಂಟ್ಸ್‌ನಿಂದ, ಪರೀಕ್ಷಾ ವಿಭಾಗದಿಂದ, ಅಥವಾ ಪಿಎಚ್‌ಡಿ ಮುಗಿಸಿ ಬೇರೆ ದಾರಿ ಹುಡುಕುತ್ತಾ. ಅಂಥವರು ಮೊದಲ ಒಂದೂವರೆ ಎರಡು ವರ್ಷದಲ್ಲಿ ಯಾವುದನ್ನು ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಸರ್ಟಿಫಿಕೇಟು ಕೋರ್ಸುಗಳ ವಿಷಯ ಐದನೇ ಹೆಜ್ಜೆಯಲ್ಲಿದೆ. ಬೇಕೆಂದೇ ಹಿಂದೆ ಇಟ್ಟಿದ್ದೇನೆ. ಫೈಲು ಗೊತ್ತಿಲ್ಲದವರಿಗೆ ಕೋರ್ಸಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಹೆಜ್ಜೆ 1: ಮುಗಿದ ಒಂದು ಪ್ರಾಜೆಕ್ಟನ್ನು ಬುಡದಿಂದ ತುದಿವರೆಗೆ ಓದಿ

ನಡೆಯುತ್ತಿರುವ ಪ್ರಾಜೆಕ್ಟು ಬೇಡ. ಮುಗಿದು, ಲೆಕ್ಕ ಇತ್ಯರ್ಥವಾಗಿ, ಕ್ಲೋಷರ್ ಪತ್ರ ಬಂದ ಫೈಲನ್ನೇ ತೆಗೆದುಕೊಳ್ಳಿ. ಅರ್ಜಿ ಕರೆದ ಪ್ರಕಟಣೆ, ಸಲ್ಲಿಸಿದ ಪ್ರಸ್ತಾವನೆ, ಸ್ಯಾಂಕ್ಷನ್ ಆರ್ಡರ್ (ಅನುದಾನದ ಮಂಜೂರಾತಿ ಆದೇಶ), ಹಣ ಬಂದ ದಿನ, ಜೆಆರ್‌ಎಫ್ ಸೇರಿದ ದಿನ, ಉಪಕರಣದ ಕೊಟೇಶನ್ನು ಮತ್ತು ಬಿಲ್ಲು, ವರ್ಷ ವರ್ಷದ ಯುಸಿ, ಕೊನೆಯ ವರದಿ ಇವನ್ನು ತಾರೀಕಿನ ಸಮೇತ ಒಂದೇ ದೊಡ್ಡ ಹಾಳೆಯಲ್ಲಿ ಬರೆಯಿರಿ. ಎರಡು ತಾರೀಕುಗಳ ನಡುವೆ ಎಲ್ಲಿ ಹೆಚ್ಚು ದಿನ ಹೋಗಿದೆಯೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ಆ ಕೆಂಪು ಗೆರೆಗಳೇ ನಿಮ್ಮ ಪಠ್ಯಕ್ರಮ. ಉಪಕರಣ ಬರಲು ಹನ್ನೊಂದು ತಿಂಗಳು ಹಿಡಿದಿದ್ದರೆ ಮೊದಲು ಖರೀದಿ ನಿಯಮ ಕಲಿಯಿರಿ. ಸಂಶೋಧನೆ ನೈತಿಕವೇ ಎಂದು ನೋಡುವ ಎಥಿಕ್ಸ್ ಕಮಿಟಿಯಲ್ಲಿ ಆರು ತಿಂಗಳು ಕೂತಿದ್ದರೆ ಅದನ್ನು ಮೊದಲು ಹಿಡಿಯಿರಿ.

ಸ್ಯಾಂಕ್ಷನ್ ಆರ್ಡರನ್ನು ಮಾತ್ರ ಸಾಲು ಬಿಡದೆ ಓದಬೇಕು. ಪ್ರಾಜೆಕ್ಟಿನ ಅವಧಿ ಆರ್ಡರಿನ ತಾರೀಕಿನಿಂದ ಶುರುವೋ, ಹಣ ಬಂದ ದಿನದಿಂದಲೋ? ಒಂದು ಹೆಡ್‌ನಿಂದ (ಖರ್ಚಿನ ಬಾಬ್ತಿನಿಂದ) ಇನ್ನೊಂದಕ್ಕೆ ಹಣ ಬದಲಿಸಲು ಯಾರ ಒಪ್ಪಿಗೆ ಬೇಕು? ಉಪಕರಣ ಯಾರ ಸೊತ್ತು? ಪೇಟೆಂಟ್ ಬಂದರೆ ಹಕ್ಕು ಯಾರದು? ಪಿಐ, ಅಂದರೆ ಪ್ರಾಜೆಕ್ಟಿನ ಮುಖ್ಯ ಸಂಶೋಧಕರು, ಬೇರೆ ಸಂಸ್ಥೆಗೆ ಹೋದರೆ ಪ್ರಾಜೆಕ್ಟು ಅವರೊಟ್ಟಿಗೆ ಹೋಗುತ್ತದೆಯೋ? ಹೆಚ್ಚಿನ ಪಿಐಗಳು ಮೊತ್ತ ನೋಡಿ ಸಂತೋಷಪಟ್ಟು ಮಡಚಿ ಇಡುತ್ತಾರೆ. ಅದು ಅವರ ತಪ್ಪಲ್ಲ, ಅವರ ತಲೆ ಪ್ರಯೋಗದಲ್ಲಿರುತ್ತದೆ. ಓದಬೇಕಾದವರು ನಾವು.

ಹೆಜ್ಜೆ 2: ಹಣದ ನಿಯಮ

ಕೇಂದ್ರ ಸರ್ಕಾರದ ಅನುದಾನ ಎಲ್ಲಿಂದ ಬಂದರೂ ಅದರ ಬುಡದಲ್ಲಿರುವುದು ಸಾಮಾನ್ಯ ಹಣಕಾಸು ನಿಯಮಗಳು, 2017. ಎಲ್ಲರೂ ಜಿಎಫ್‌ಆರ್ ಎನ್ನುವುದು ಇದನ್ನೇ. ಇಡೀ ಪುಸ್ತಕ ಓದಬೇಕಾಗಿಲ್ಲ. ಸಹಾಯಾನುದಾನದ ಅಧ್ಯಾಯ ಮತ್ತು ಖರೀದಿಯ ಅಧ್ಯಾಯ, ಇವೆರಡನ್ನು ಪ್ರಿಂಟ್ ತೆಗೆದು ಗೆರೆ ಎಳೆದು ಓದಿ. ಮೊದಲನೆಯದರಲ್ಲಿ ಮೂರು ಸಂಗತಿ ಕಂಠಪಾಠವಾಗಬೇಕು. ಸಂಸ್ಥೆಗಳು ಕೊಡುವ ಯುಸಿಯ ನಮೂನೆ 12-ಎ. ಹಣಕಾಸು ವರ್ಷ ಮುಗಿದು 12 ತಿಂಗಳೊಳಗೆ ಅದನ್ನು ಕೊಡಬೇಕು ಎಂದು ನಿಯಮ ಇದ್ದರೂ ಮುಂದಿನ ಕಂತು ಬೇಕಾದರೆ ಅಷ್ಟು ಕಾಯುವ ಹಾಗಿಲ್ಲ, ಏಪ್ರಿಲ್ ಮೇ ತಿಂಗಳಲ್ಲೇ ಕಳಿಸಿಬಿಡಿ. ಮೂರನೆಯದು ನನ್ನನ್ನು ಕೆಡವಿದ್ದು: ಅನುದಾನದ ಮೇಲೆ ಬಂದ ಬಡ್ಡಿ ಸಂಸ್ಥೆಯದಲ್ಲ, ಪ್ರಾಜೆಕ್ಟಿನದೂ ಅಲ್ಲ. ಲೆಕ್ಕ ಅಂತಿಮವಾದ ಕೂಡಲೇ ಅದು ಭಾರತದ ಸಂಚಿತ ನಿಧಿಗೆ ಹೋಗಬೇಕು, ಮುಂದಿನ ಕಂತಿನಲ್ಲಿ ಕಳೆದುಕೊಳ್ಳುವಂತಿಲ್ಲ. ಭಾರತ್‌ಕೋಶ್ ಪೋರ್ಟಲ್‌ನಲ್ಲಿ ಕಟ್ಟಿ, ರಸೀದಿಯನ್ನು ಯುಸಿಯ ಜೊತೆ ಲಗತ್ತಿಸಿ. ಹತ್ತು ನಿಮಿಷದ ಕೆಲಸ.

ಸರ್ಕಾರದ ಹಣದ ಹರಿವು, ಖರ್ಚು ದಾಖಲಾಗುವ ಪಿಎಫ್‌ಎಂಎಸ್ ಪೋರ್ಟಲ್ಲನ್ನು ಗೊತ್ತಿದ್ದವರ ಪಕ್ಕ ಕೂತು ಕಲಿಯುವುದೇ ಸರಿ. ಈಗ ಕೆಲವು ಯೋಜನೆಗಳಲ್ಲಿ ಹಣ ನಿಮ್ಮ ಖಾತೆಗೆ ಬರುವುದೇ ಇಲ್ಲ, ಖರ್ಚು ಮಾಡಲು ಮಿತಿ ಮಾತ್ರ ಸಿಗುತ್ತದೆ, ಮಾರ್ಚ್ 31ಕ್ಕೆ ಉಳಿದದ್ದು ಕೈತಪ್ಪುತ್ತದೆ. ಇದನ್ನು ಪಿಐಗಳಿಗೆ ಡಿಸೆಂಬರಿನಲ್ಲೇ ಹೇಳಿ. ಮಾರ್ಚ್ ಕೊನೆಯ ವಾರ ಹೇಳಿದರೆ ಅವರು ಬೇಡದ ಸಾಮಾನು ಖರೀದಿಸುತ್ತಾರೆ.

ಇನ್ನು ಬಜೆಟ್. ಇದನ್ನು ಕಲಿಯಲು ಕೈಯಾರೆ ಮಾಡಬೇಕು. ನಾನು ಹೊಸಬರಿಗೆ ಕೊಡುವ ಅಭ್ಯಾಸ ಹೀಗೆ: ಮಲ್ಪೆ ಮತ್ತು ಮಂಗಳೂರು ಬಂದರಿಗೆ ಬರುವ ಬೂತಾಯಿ, ಬಂಗುಡೆ ಮೀನುಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಹುಡುಕುವ ಮೂರು ವರ್ಷದ ಪ್ರಾಜೆಕ್ಟು, ಒಬ್ಬ ಜೆಆರ್‌ಎಫ್, ತಿಂಗಳಿಗೊಮ್ಮೆ ಸ್ಯಾಂಪಲ್. ಬಜೆಟ್ ಹಾಕಿ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದ ಮೇಲೆ 42,000. ಎರಡು ವರ್ಷಕ್ಕೆ 37,000ದಂತೆ, ಮೂರನೇ ವರ್ಷಕ್ಕೆ 42,000ದಂತೆ ಲೆಕ್ಕ ಹಾಕಿದರೆ 13,92,000 ಆಗುತ್ತದೆ. ಹೊಸಬರಲ್ಲಿ ಹಲವರು ಮೂರು ವರ್ಷಕ್ಕೂ 37,000 ಎಂದೇ ಹಾಕಿ 60,000 ಕಡಿಮೆ ತೋರಿಸುತ್ತಾರೆ. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಕೇಂದ್ರದ ವರ್ಗೀಕರಣದಲ್ಲಿ ಮಂಗಳೂರು ವೈ ದರ್ಜೆಯ ನಗರ, ಉಡುಪಿ ಮಣಿಪಾಲ ಝಡ್. ಆದ್ದರಿಂದ ಅದೇ ಪ್ರಾಜೆಕ್ಟು, ಅದೇ ಜೆಆರ್‌ಎಫ್, ಊರು ಬದಲಾದರೆ ಭತ್ಯೆ ಬದಲಾಗುತ್ತದೆ. ಎರಡೂ ಕಡೆ ಕ್ಯಾಂಪಸ್ ಇರುವ ಸಂಸ್ಥೆಯವರು ಇದನ್ನು ಮರೆಯಬಾರದು.

ಈ ಅಭ್ಯಾಸದಲ್ಲಿ ಇನ್ನೊಂದು ಗುಂಡಿ ಉಂಟು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. "ತಿಂಗಳಿಗೊಮ್ಮೆ ಟ್ರಾಲರ್ ಮೀನಿನ ಸ್ಯಾಂಪಲ್" ಎಂದು ಪ್ರಸ್ತಾವನೆಯಲ್ಲಿ ಬರೆದರೆ ಮೂರು ವರ್ಷದಲ್ಲಿ ಆರು ಸ್ಯಾಂಪಲ್ ಸಿಗುವುದೇ ಇಲ್ಲ. ಮೀನುಗಾರಿಕೆಯ ಪ್ರೊಫೆಸರಿಗೆ ಇದು ಗೊತ್ತೇ ಇರುತ್ತದೆ, ಆದರೆ ಬರೆಯುವ ಅವಸರದಲ್ಲಿ 36 ಎಂದು ಹಾಕಿರುತ್ತಾರೆ. ಆ 36ನ್ನು 30 ಮಾಡಿಸುವುದು, ಅಥವಾ ಆ ಎರಡು ತಿಂಗಳು ನಾಡದೋಣಿಯವರ ಮೀನು ಸಾಕೇ ಎಂದು ಕೇಳುವುದು ರಿಸರ್ಚ್ ಸೆಲ್‌ನಲ್ಲಿ ಕೂತವರ ಕೆಲಸ. ವಿಜ್ಞಾನ ಅವರದು, ಕ್ಯಾಲೆಂಡರ್ ನಮ್ಮದು.

ಹೆಜ್ಜೆ 3: ಅನುಮತಿಗಳ ನಕ್ಷೆ ಬರೆಯಿರಿ

ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಗೋಡೆಗೆ ಅಂಟಿಸುವಷ್ಟು ದೊಡ್ಡ ಹಾಳೆಯಲ್ಲಿ "ಸ್ಯಾಂಪಲ್ ಯಾವುದು?" ಎಂದು ನಡುವೆ ಬರೆದು ಅಲ್ಲಿಂದ ಕವಲು ತೆಗೆಯಿರಿ.

ಮನುಷ್ಯರ ಮೇಲಿನ ಅಧ್ಯಯನವಾದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ನೈತಿಕ ಮಾರ್ಗಸೂಚಿ ಮತ್ತು ಸಂಸ್ಥೆಯ ಎಥಿಕ್ಸ್ ಕಮಿಟಿ. ಔಷಧದ ಟ್ರಯಲ್ ಆದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳೂ ಬರುತ್ತವೆ, ಮೊದಲ ರೋಗಿಯನ್ನು ಸೇರಿಸುವ ಮೊದಲೇ ಸಿಟಿಆರ್‌ಐ ಎಂಬ ದೇಶದ ಟ್ರಯಲ್ ದಾಖಲಾತಿಯಲ್ಲಿ ನೋಂದಣಿ ಆಗಿರಬೇಕು. ಆರೋಗ್ಯ ಸಂಶೋಧನೆಗೆ ವಿದೇಶಿ ಪಾಲುದಾರರು ಅಥವಾ ವಿದೇಶಿ ಹಣ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಪ್ರಶ್ನೆ. ಪ್ರಾಣಿಗಳಾದರೆ ಪ್ರಾಣಿ ನೈತಿಕತಾ ಸಮಿತಿ. ವಂಶವಾಹಿ ಬದಲಿಸಿದ ಜೀವಿಗಳಾದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಅಲ್ಲಿಂದ ಮೇಲೆ ಆರ್‌ಸಿಜಿಎಂ ಎಂಬ ಕೇಂದ್ರದ ಸಮಿತಿ.

ನಮ್ಮ ಊರಿನಲ್ಲಿ ಮರೆತುಹೋಗುವುದು ಮುಂದಿನ ಕವಲು. ನೇತ್ರಾವತಿ ಅಳಿವೆಯ ಕಾಂಡ್ಲಾ ಕಾಡಿನ ಮಣ್ಣಿನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾವನ್ನು ಹೊರದೇಶದ ಲ್ಯಾಬಿಗೆ ಕಳಿಸೋಣ ಎಂದು ಪಿಐ ಹೇಳುತ್ತಾರೆ. ಕೊರಿಯರ್ ದರ ಕೇಳಿಕೊಂಡು ಬಂದಿರುತ್ತಾರೆ. ಜೈವಿಕ ವೈವಿಧ್ಯ ಕಾಯ್ದೆ 2002ರದು, 2023ರಲ್ಲಿ ತಿದ್ದುಪಡಿಯಾಗಿದೆ. ನಮ್ಮ ಮಣ್ಣಿನ ಜೀವಿ ಹೊರದೇಶಕ್ಕೆ ಹೋಗುವಾಗ ಅಥವಾ ಹೊರಗಿನವರು ಅದನ್ನು ಬಳಸುವಾಗ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕೇ ಎಂದು ನೋಡದೆ ಪಾರ್ಸೆಲ್ ಕಟ್ಟಬಾರದು. ಅರಣ್ಯದೊಳಗಿಂದ ತಂದದ್ದಾದರೆ ಅರಣ್ಯ ಇಲಾಖೆಯ ಪತ್ರವೂ ಇರಬೇಕು. ಸ್ಯಾಂಪಲ್ ಕೊಡುವ ಮೊದಲು ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದಕ್ಕೆ ಸಹಿ ಆಗಿರಬೇಕು, ಆ ಸಹಿ ಪಿಐಯದಲ್ಲ, ಸಂಸ್ಥೆಯ ಅಧಿಕೃತ ಅಧಿಕಾರಿಯದು.

ಎಥಿಕ್ಸ್ ಕಮಿಟಿಯ ಕಾಗದದಲ್ಲಿ ನಾವು ನಿಜವಾಗಿ ಒಳ್ಳೆಯದು ಮಾಡಬಹುದಾದ ಜಾಗ ಒಪ್ಪಿಗೆ ಪತ್ರ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಕನ್ನಡದಲ್ಲಿ ಅನುವಾದ ಮಾಡಿಸಿದರೆ ಮುಗಿಯಿತೆಂದು ಎಲ್ಲರ ಎಣಿಕೆ. ಆದರೆ ಉಳ್ಳಾಲದ ಅಜ್ಜಿಯ ಮಾತು ಬ್ಯಾರಿ, ಬಂಟ್ವಾಳದ ಬೀಡಿ ಕಟ್ಟುವ ಹೆಂಗಸಿನ ಮಾತು ತುಳು, ಕಾರ್ಕಳದಲ್ಲಿ ಕೊಂಕಣಿಯೂ ಇರಬಹುದು. ಶಾಲೆಯ ಕನ್ನಡ ಓದಲು ಬಂದರೂ "ಯಾದೃಚ್ಛಿಕವಾಗಿ ಆಯ್ಕೆ ಮಾಡಲಾದ ನಿಯಂತ್ರಣ ಗುಂಪು" ಎಂದರೆ ಯಾರಿಗೆ ತಿಳಿದೀತು? ಕರಡನ್ನು ಆಫೀಸಿನ ಅಟೆಂಡರ್ ಅಥವಾ ಕ್ಯಾಂಟೀನಿನವರ ಎದುರು ಗಟ್ಟಿಯಾಗಿ ಓದಿ, ಏನು ತಿಳಿಯಿತು ಹೇಳಿ ಎಂದು ಕೇಳಿ. ಅವರಿಗೆ ತಿಳಿಯದ ವಾಕ್ಯವನ್ನು ಪಿಐಗೆ ವಾಪಸ್ ಕೊಡಿ. ತುಳುವಿನಲ್ಲಿ ವಿವರಿಸುವುದಾದರೆ ಆ ಮಾತನ್ನೂ ಕನ್ನಡ ಲಿಪಿಯಲ್ಲಿ ಬರೆದು ಕಮಿಟಿಗೆ ಕೊಡಿ, ಇಲ್ಲದಿದ್ದರೆ ಒಬ್ಬೊಬ್ಬ ಫೀಲ್ಡ್ ವರ್ಕರ್ ಒಂದೊಂದು ರೀತಿ ಹೇಳುತ್ತಾರೆ. ಓದು ಬಾರದವರಾದರೆ ನಿಷ್ಪಕ್ಷಪಾತ ಸಾಕ್ಷಿ ಬೇಕು. ಆ ಸಾಕ್ಷಿ ಪ್ರಾಜೆಕ್ಟಿನ ಸಿಬ್ಬಂದಿಯಾಗಬಾರದು.

ಹೆಜ್ಜೆ 4: ಚಿಕ್ಕ ಅರ್ಜಿಯಿಂದ ಶುರು ಮಾಡಿ

ಮೊದಲ ಸಲವೇ ಕೋಟಿ ರೂಪಾಯಿಯ ಪ್ರಸ್ತಾವನೆಗೆ ಕೈ ಹಾಕಬೇಡಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯಂಥ ಚಿಕ್ಕ ಮೊತ್ತದ ಅರ್ಜಿಯನ್ನು ಒಬ್ಬ ಅಧ್ಯಾಪಕರೊಂದಿಗೆ ಕೂತು ಆರಂಭದಿಂದ ಲೆಕ್ಕ ಕೊಡುವವರೆಗೆ ಮಾಡಿ. ಚಿಕ್ಕದಾದರೂ ಪ್ರಕಟಣೆ, ಅರ್ಜಿ, ಹಣ, ವರದಿ ಎಲ್ಲವೂ ಅದರಲ್ಲಿ ಉಂಟು. ಅನಂತರ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದ ಸಂಸ್ಥೆ ಇದು, ಹಳೆಯ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಇದರೊಳಗೆ ಸೇರಿತು. ನಿಮ್ಮ ಕಪಾಟಿನ ಹಳೆಯ ಫೈಲುಗಳಲ್ಲಿ ಎಸ್‌ಇಆರ್‌ಬಿ ಎಂದಿದ್ದರೆ ಗಾಬರಿಯಾಗಬೇಡಿ.

ಪ್ರಕಟಣೆ ಓದುವಾಗ ಕೊನೆಯ ತಾರೀಕನ್ನಲ್ಲ, ನಿಮ್ಮ ಸಂಸ್ಥೆ ಅರ್ಹವೇ ಎಂಬುದನ್ನು ಮೊದಲು ನೋಡಿ. ಖಾಸಗಿ ಸಂಸ್ಥೆಗಳಿಂದ ಕೆಲವೊಮ್ಮೆ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಎಂಬ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತೆ ಕೇಳುತ್ತಾರೆ, ಅದರ ಅವಧಿ ಮುಗಿದದ್ದು ಅರ್ಜಿ ಹಾಕುವ ಹಿಂದಿನ ದಿನ ಗೊತ್ತಾಗಬಾರದು. ನಿಮ್ಮ ಒಳಗಿನ ಗಡುವು ಅಧಿಕೃತ ಗಡುವಿಗಿಂತ ಏಳು ದಿನ ಮೊದಲು ಇರಲಿ. ಮಳೆಗಾಲದಲ್ಲಿ ಹತ್ತು ದಿನ, ಕರೆಂಟು ನೆಟ್‌ವರ್ಕು ಎರಡೂ ಒಟ್ಟಿಗೆ ಹೋದದ್ದನ್ನು ನಾನು ಕಂಡಿದ್ದೇನೆ.

ವಿದೇಶಿ ಅನುದಾನಕ್ಕೆ ಕೈ ಹಾಕುವ ಮೊದಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಓದಬೇಕು. 2020ರ ತಿದ್ದುಪಡಿಯ ನಂತರ ಈ ಕಾಯ್ದೆಯಡಿ ಬರುವ ಹಣ ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ದಾಟುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. "ನಮಗೆ ಬರಲಿ, ನಾವು ಪಕ್ಕದ ಕಾಲೇಜಿಗೆ ಪಾಲು ಕೊಡುತ್ತೇವೆ" ಎಂದು ಹೇಳುವ ಪಿಐಗೆ ಇದನ್ನು ಅರ್ಜಿ ಬರೆಯುವ ದಿನವೇ ತೋರಿಸಿ.

ಹೆಜ್ಜೆ 5: ಈಗ ಕೋರ್ಸು

ಇಷ್ಟಾಗುವಾಗ ಒಂದು ವರ್ಷ ಕಳೆದಿರುತ್ತದೆ, ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ. ಕೋರ್ಸಿಗೆ ಹೋಗಲು ಅದೇ ಸರಿಯಾದ ಸಮಯ.

ಹಣವಿಲ್ಲದೆ ಆಗುವುದು ಮೊದಲು. ದಿ ಗ್ಲೋಬಲ್ ಹೆಲ್ತ್ ನೆಟ್‌ವರ್ಕ್‌ನಲ್ಲಿ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ (ಕ್ಲಿನಿಕಲ್ ಟ್ರಯಲ್ ಸರಿಯಾಗಿ ನಡೆಸುವ ರೀತಿ) ಕೋರ್ಸು ಉಚಿತ. ವೈದ್ಯಕೀಯ ಸಂಸ್ಥೆಯಲ್ಲಿದ್ದರೆ ಇದೊಂದನ್ನು ಮಾತ್ರ ವರ್ಷ ಕಾಯದೆ ಕೆಲಸದ ಮೊದಲ ಮೂರು ತಿಂಗಳಲ್ಲೇ ಮಾಡಿಬಿಡಿ. ಸಂಶೋಧನೆ ಮತ್ತು ಪ್ರಕಟಣಾ ನೈತಿಕತೆಯ ಎರಡು ಕ್ರೆಡಿಟ್ ಕೋರ್ಸನ್ನು ಯುಜಿಸಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿದೆ. ನಿಮ್ಮ ಸಂಸ್ಥೆಯಲ್ಲಿ ಆ ತರಗತಿ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಕೃತಿಚೌರ್ಯದ 2018ರ ನಿಯಮಗಳಲ್ಲಿ ಬರಹದ ಹೋಲಿಕೆಗೆ ಎಳೆದ ಶೇ. 10, 40, 60ರ ಗೆರೆಗಳನ್ನು ಸಂಶೋಧಕರಿಗೆ ವಿವರಿಸಬೇಕಾದವರು ಕೊನೆಗೆ ನೀವೇ.

ನಮ್ಮ ದೇಶದಲ್ಲಿ ಈ ವೃತ್ತಿಯನ್ನೇ ಗುರಿಯಾಗಿಸಿ ಕೆಲಸ ಮಾಡಿದ್ದು ಇಂಡಿಯಾ ಅಲಯನ್ಸ್. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಎಂಬ ದತ್ತಿ ಸಂಸ್ಥೆ ಸೇರಿ ನಡೆಸುವ ಈ ಸಂಸ್ಥೆ 2018ರಲ್ಲಿ ಇಂಡಿಯಾ ರಿಸರ್ಚ್ ಮ್ಯಾನೇಜ್‌ಮೆಂಟ್ ಇನಿಶಿಯೇಟಿವ್ ಶುರು ಮಾಡಿತು. ಅವರ ಪ್ರಕಟಣೆಗಳ ಮೇಲೆ ಕಣ್ಣಿಡಿ. ಇಲ್ಲಿನ ಜಿಎಫ್‌ಆರ್ ಗೊತ್ತಿರುವವರು ಕಲಿಸುವ ಎರಡು ದಿನದ ಕಾರ್ಯಾಗಾರಕ್ಕೆ ನಾನು ವಿದೇಶದ ಎರಡು ತಿಂಗಳ ಆನ್‌ಲೈನ್ ಕೋರ್ಸಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ವಿದೇಶದ್ದು ಬೇಡವೆಂದಲ್ಲ. ಅಮೆರಿಕದ ಎನ್‌ಸಿಯುಆರ್‌ಎ 1959ರಷ್ಟು ಹಳೆಯದು, ಬ್ರಿಟನ್ನಿಗೆ ಎಆರ್‌ಎಂಎ, ಯುರೋಪಿಗೆ ಇಎಆರ್‌ಎಂಎ, ದಕ್ಷಿಣ ಆಫ್ರಿಕಾ ಕಡೆಗೆ ಎಸ್‌ಎಆರ್‌ಐಎಂಎ, ಹೀಗೆ ಸಂಶೋಧನಾ ಆಡಳಿತದವರ ಸಂಘಗಳಿವೆ. ಈ ಕೊನೆಯದನ್ನು ಗಮನಿಸಿ. ಕಡಿಮೆ ಸಿಬ್ಬಂದಿ, ಹೊರಗಿನ ಹಣ, ದೂರದ ದಾನಿಗಳು ಎಂಬ ಅವರ ಪಾಡು ನಮ್ಮದಕ್ಕೆ ಹತ್ತಿರ. ಸಿಆರ್‌ಎ ಎಂಬ ಅಮೆರಿಕದ ಪ್ರಮಾಣಪತ್ರಕ್ಕೆ ಹೆಸರು ದೊಡ್ಡದು, ಪರೀಕ್ಷೆ ಬರೆಯಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೆ ಅದರ ಹೂರಣ ಬಹುಪಾಲು ಅಮೆರಿಕ ಸರ್ಕಾರದ ಅನುದಾನ ನಿಯಮ. ನಿಮ್ಮ ಸಂಸ್ಥೆಗೆ ಅಲ್ಲಿನ ಎನ್‌ಐಎಚ್ (ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಹಣ ಬರುತ್ತಿದ್ದರೆ ಓದಿ, ಇಲ್ಲದಿದ್ದರೆ ಈಗ ಅವಸರವಿಲ್ಲ.

ಹಣ ಕಟ್ಟುವ ಮೊದಲು ಕೋರ್ಸಿನವರಿಗೆ ಎರಡು ಪ್ರಶ್ನೆ ಹಾಕಿ. ನಾನು ಬರೆದ ಬಜೆಟನ್ನು ಯಾರಾದರೂ ತಿದ್ದಿ ಕೊಡುತ್ತಾರಾ? ಕಲಿಸುವವರು ಒಂದಾದರೂ ಯುಸಿಗೆ ತಾವೇ ಕೂತು ಲೆಕ್ಕ ಹೊಂದಿಸಿದ್ದಾರಾ? ಎರಡಕ್ಕೂ ಇಲ್ಲ ಎಂದಾದರೆ ಅದು ಬರೀ ಸ್ಲೈಡ್ ಶೋ.

ಸಂಸ್ಥೆಯಿಂದ ಫೀಸು ಕೇಳುವಾಗ "ವೃತ್ತಿಪರ ಬೆಳವಣಿಗೆ" ಎಂದು ಬರೆದರೆ ಫೈಲು ಮೇಲಕ್ಕೆ ಹೋಗುವುದಿಲ್ಲ. ಹೆಜ್ಜೆ 1ರ ಹಾಳೆಯನ್ನು ಲಗತ್ತಿಸಿ, ಯಾವ ಕೆಂಪು ಗೆರೆ ಈ ತರಬೇತಿಯಿಂದ ಕಡಿಮೆಯಾಗುತ್ತದೆ ಎಂದು ಒಂದೇ ಸಾಲಿನಲ್ಲಿ ತೋರಿಸಿ. ನನಗೆ ಮೂರನೇ ಸಲಕ್ಕೆ ಮಂಜೂರಾದದ್ದು ಹಾಗೆ.

ಹೆಜ್ಜೆ 6: ನೆರೆಹೊರೆಯವರೊಂದಿಗೆ ಕೂತುಕೊಳ್ಳಿ

ಬೆಂಗಳೂರಿಗೆ ಹೋಗದೆ ಕಲಿಯಬಹುದಾದ್ದು ಇಲ್ಲಿ ಬೇಕಾದಷ್ಟಿದೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸಂಸ್ಥೆಯವರಿಗೆ ಜೆಮ್ ಎಂಬ ಸರ್ಕಾರಿ ಖರೀದಿ ಪೋರ್ಟಲ್‌ನಲ್ಲಿ ಖರೀದಿ ನಿತ್ಯದ ಕೆಲಸ. ಮಣಿಪಾಲ, ದೇರಳಕಟ್ಟೆಯ ವೈದ್ಯಕೀಯ ಸಂಸ್ಥೆಗಳಲ್ಲಿ ಎಥಿಕ್ಸ್ ಕಮಿಟಿ ನಡೆಸಿ ಪಳಗಿದವರಿದ್ದಾರೆ. ಕೊಣಾಜೆಯಲ್ಲಿ ರಾಜ್ಯ ವಿಶ್ವವಿದ್ಯಾನಿಲಯದ ಹಣಕಾಸಿನ ರೀತಿ ಬೇರೆ, ಮಂಗಳೂರಿನ ಮೀನುಗಾರಿಕೆ ಕಾಲೇಜು, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಗಳಲ್ಲಿ ಕೃಷಿ ಸಂಶೋಧನೆಯ ಅನುದಾನಗಳ ಅನುಭವ ಬೇರೆ. ಇವರು ಒಬ್ಬರಿಗೊಬ್ಬರು ಮಾತಾಡುವುದೇ ಅಪರೂಪ.

ಎರಡು ತಿಂಗಳಿಗೊಮ್ಮೆ, ಐದಾರು ಜನ ಸಾಕು. ಭಾಷಣ ಬೇಡ, ಅತಿಥಿ ಬೇಡ. ಪ್ರತಿಯೊಬ್ಬರೂ ಹೆಸರು, ಮೊತ್ತ ಮುಚ್ಚಿದ ಒಂದು ಪ್ರಕರಣ ತರಬೇಕು: ಏನು ತಪ್ಪಿತು, ಏನು ಮಾಡಿದೆವು. ನನ್ನ ಬಡ್ಡಿಯ ಕಥೆಯನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಇಂಥ ಒಂದು ಕೂಟದಲ್ಲಿ. ಟೇಬಲಿನ ಸುತ್ತ ಇದ್ದ ಐವರಲ್ಲಿ ಮೂವರು ಅದೇ ತಪ್ಪು ಮಾಡಿದವರು.

ಹೆಜ್ಜೆ 7: ನಿಮ್ಮ ನಂತರ ಬರುವವರಿಗೆ ಬರೆಯಿರಿ

ಎರಡನೇ ವರ್ಷದ ಕೊನೆಗೆ ಒಂದು ಲಾಂಗ್ ಬುಕ್ ತನ್ನಿ. ಯಾವ ತಿಂಗಳಲ್ಲಿ ಏನು ಬಾಕಿ ಬರುತ್ತದೆ ಎಂಬುದನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಬರೆಯಿರಿ: ಏಪ್ರಿಲ್‌ನಲ್ಲಿ ಯುಸಿ, ಬಡ್ಡಿ ಜಮೆ, ಡಿಸೆಂಬರ್ 31ಕ್ಕೆ ಎಫ್‌ಸಿಆರ್‌ಎ ವಾರ್ಷಿಕ ವಿವರಣೆ, ಜನವರಿಯಲ್ಲಿ ಎಲ್ಲ ಪಿಐಗಳಿಗೆ ಉಳಿಕೆ ಹಣದ ಪತ್ರ. ಯಾವ ಪೋರ್ಟಲ್ಲು ಯಾರ ಮೊಬೈಲಿನ ಒಟಿಪಿಗೆ ಜೋಡಿಸಿದೆ ಎಂಬುದನ್ನೂ ಬರೆಯಿರಿ, ಆ ವ್ಯಕ್ತಿ ನಿವೃತ್ತರಾಗುವ ತಿಂಗಳನ್ನೂ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಬಿಟ್ಟು ಹೋಗಬೇಡಿ, ಅಧಿಕೃತವಾಗಿ ಬದಲಿಸಿ ಕೊಡಿ. ಹೊಸಬರು ಬಂದ ದಿನ ಫೈಲುಗಳನ್ನು ಮೇಜಿನ ಮೇಲೆ ಇಟ್ಟು ಹೋಗದೆ, ಒಂದು ವಾರ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಯುಸಿಯನ್ನು ಅವರ ಕೈಯಲ್ಲೇ ತುಂಬಿಸಿ. ಬಡ್ಡಿಯ ಕಾಲಂನಿಂದ ಶುರು ಮಾಡಿಸಿ.